ಸ್ಟೆಂಟ್ ಹಾಕಿದ ದಿನವೇ ಕೇಳಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕಿಡ್ನಿಯಲ್ಲಿ ಕಲ್ಲಾಗುವುದು ಹೊಸ ಸಂಗತಿಯಲ್ಲ. ಮಂಗಳೂರಿಗೆ ಹೋಗಿ ಕಲ್ಲು ತೆಗೆಸಿಕೊಂಡು ಬಂದರೆ ಹೆಚ್ಚಿನವರಿಗೆ ಗುಣವಾಗುತ್ತದೆ. ಕೆಲವರಿಗೆ ಮಾತ್ರ, ಕಲ್ಲು ಬಹುಕಾಲ ಕಚ್ಚಿಕೊಂಡಿದ್ದ ಜಾಗದಲ್ಲಿ ಯುರೇಟರ್ ಬಿಗಿದುಕೊಳ್ಳುತ್ತದೆ. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಈ ನಾಳದ ಉದ್ದ 25–30 ಸೆಂಟಿಮೀಟರ್, ಒಳಗಿನ ಅಗಲ ಬರೀ 3–4 ಮಿಲಿಮೀಟರ್. ಗರ್ಭಕೋಶ ತೆಗೆಯುವ ಆಪರೇಷನ್, ಕ್ಷಯ, ರೇಡಿಯೇಷನ್‌ನಿಂದಲೂ ಹೀಗಾಗುವುದುಂಟು. ನೋವೇ ಇಲ್ಲದೆ ಕಿಡ್ನಿ ಒಳಗೊಳಗೇ ಊದಿ ಕೆಡಬಹುದು, ಅದೇ ದೊಡ್ಡ ಭಯ.

ನಾಳ ಹೀಗೆ ಬಿಗಿದುಕೊಂಡ ನನ್ನ ದೊಡ್ಡಮ್ಮ ವರ್ಷಗಳಿಂದ ಡಿಜೆ ಸ್ಟೆಂಟ್‌ನಲ್ಲೇ ಇದ್ದಾರೆ. ಮೂತ್ರ ಇಳಿಯಲೆಂದು ನಾಳದೊಳಗೆ ಇಡುವ ತೆಳು ಕೊಳವೆ ಅದು. ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು, ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಮಂಗಳೂರಿಗೆ ಹೋಗುವ ದಾರಿಯ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿರಲಿಲ್ಲ. "ಇನ್ನು ಸಾಯುವವರೆಗೂ ಇದೇ ಅಲ್ವಾ ಮಗಾ" ಅಂತ ದೊಡ್ಡಮ್ಮ ಕೇಳುತ್ತಿದ್ದರು. ಬೇರೆ ದಾರಿ ಇರಬಹುದೆಂದು ಯಾರೂ ಹೇಳಿರಲಿಲ್ಲ. ನನಗೆ ಸಿಟ್ಟಿರುವುದು ಅದಕ್ಕೇ.

ದಾರಿ ಇದೆ, ಅದೂ ನಮ್ಮದೇ ಮೈಯಿಂದ. ಬಿಗಿತ ಕೆಳಗಡೆ ಇದ್ದರೆ ಮೂತ್ರಕೋಶದ ಗೋಡೆಯಿಂದ ಒಂದು ಪಟ್ಟಿ ಎಬ್ಬಿಸಿ ಕೊಳವೆಯಂತೆ ಸುತ್ತಿ ನಾಳಕ್ಕೆ ಜೋಡಿಸುತ್ತಾರೆ. ಇದು ಬೋಆರಿ ಫ್ಲಾಪ್. ಇಟಲಿಯ ಸರ್ಜನ್ ಬೋಆರಿ ಇದನ್ನು 1894ರಲ್ಲೇ ನಾಯಿಯ ಮೇಲೆ ಮಾಡಿ ತೋರಿಸಿದ್ದ. ನಾಳ ತುಂಬ ಉದ್ದಕ್ಕೆ ಹಾಳಾಗಿದ್ದರೆ ಸಣ್ಣ ಕರುಳಿನ ತುಂಡು ಬೇಕಾಗುತ್ತದೆ. ಬಲಗಡೆಗೆ ಕೆಲವೊಮ್ಮೆ ಅಪೆಂಡಿಕ್ಸೂ ಒದಗುತ್ತದೆ.

ಮೇಲ್ಭಾಗದ ಬಿಗಿತಕ್ಕೆ ಬಳಸುವುದು ಕೆನ್ನೆಯ ಒಳಪೊರೆ. ಮನುಷ್ಯರ ಯುರೇಟರ್‌ಗೆ ಇದನ್ನು ಬಳಸಿದ ವರದಿ 1999ರಲ್ಲಿ ಬಂತು. ಬಾಯಿಯ ಪೊರೆ ಸದಾ ಒದ್ದೆಯಲ್ಲೇ ಇದ್ದು ಪಳಗಿದ್ದು, ಅದರಲ್ಲಿ ಕೂದಲಿಲ್ಲ, ಹೊಸ ಜಾಗದಲ್ಲಿ ಬೇಗ ರಕ್ತ ಹಿಡಿಯುತ್ತದೆ. ಬಿಗಿದ ನಾಳವನ್ನು ಉದ್ದಕ್ಕೆ ಸೀಳಿ, ಮೇಲೆ ಈ ಪೊರೆಯ ತೇಪೆ ಹೊಲಿದು, ಹೊಟ್ಟೆಯೊಳಗಿನ ಕೊಬ್ಬಿನ ಪರದೆಯನ್ನು ಸುತ್ತುತ್ತಾರೆ. ಆ ಕೊಬ್ಬಿನಿಂದಲೇ ತೇಪೆಗೆ ರಕ್ತ. ಆಮೇಲೆ ಕೆಲವು ವಾರ ಸ್ಟೆಂಟ್ ಇರುತ್ತದೆ, ನಂತರ ತೆಗೆಯುತ್ತಾರೆ.

ಅಡಿಕೆ ತೋಟದ ಮನೆಯವನಾಗಿ ಒಂದು ಮಾತು ಹೇಳಲೇಬೇಕು. ಎಲೆಯಡಿಕೆ, ಹೊಗೆಸೊಪ್ಪು, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಭಾಗ ಬೆಳ್ಳಗೆ ಗಡುಸಾಗಿ ಬಾಯಿ ತೆರೆಯಲಾಗದವರು ನಮ್ಮಲ್ಲಿದ್ದಾರೆ. ಅಂಥ ಪೊರೆ ತೇಪೆಗೆ ಒಗ್ಗುವುದಿಲ್ಲ. ಆಗ ನಾಲಿಗೆಯ ಅಡಿಯ ಪೊರೆ ತೆಗೆಯಬಹುದು, ಅದೂ ಚೆನ್ನಾಗಿದ್ದರೆ. ಅಡಿಕೆ ನಮಗೆ ಅನ್ನ ಕೊಟ್ಟಿದೆ ನಿಜ, ಆದರೂ ನಮ್ಮ ಹುಡುಗರು ಅದನ್ನು ಬಾಯಿಗೆ ಹಾಕಬಾರದೆಂದೇ ನನ್ನ ಅಭಿಪ್ರಾಯ.

ಈ ಆಪರೇಷನ್ ಎಲ್ಲರಿಗೂ ಆಗುವುದಿಲ್ಲ. ವಯಸ್ಸು, ಬೇರೆ ಕಾಯಿಲೆ, ಬಿಗಿತ ಎಲ್ಲಿ, ಎಷ್ಟುದ್ದ, ಎಲ್ಲ ನೋಡಬೇಕು. ಕೆಲವರಿಗೆ ಸ್ಟೆಂಟೇ ಸರಿ. ಆದರೆ ಅದನ್ನು ರೋಗಿಯ ಜೊತೆ ಕೂತು ಮಾತಾಡಿ ತೀರ್ಮಾನಿಸಬೇಕು. ಮನೆಯಲ್ಲಿ ಇಂಥವರಿದ್ದರೆ ಮುಂದಿನ ಸಲ ಯುರಾಲಜಿಸ್ಟ್ ಬಳಿ ಹೀಗೆ ಕೇಳಿ: ಈ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ, ರೀನಲ್ ಸ್ಕ್ಯಾನ್ ಮಾಡಿಸೋಣವಾ? ನಾಳವನ್ನು ರಿಪೇರಿ ಮಾಡಲಿಕ್ಕಾಗುತ್ತದಾ? ನೀವು ಮಾಡುವುದಿಲ್ಲವಾದರೆ ಯಾರ ಹತ್ತಿರ ಕಳಿಸುತ್ತೀರಿ?