ಯಾವ ದೇಶದವರು ನೀವು?

ದೇಶಭಕ್ತಿಯ ಚರ್ಚೆ ಎಲ್ಲಿಂದ ಶುರುವಾದರೂ ಕೊನೆಗೆ ಒಂದು ಮಾತಿಗೆ ಬಂದು ನಿಲ್ಲುತ್ತದೆ: ‘ಅವರು ಮುಖ್ಯವಾಹಿನಿಯಲ್ಲಿ ಬೆರೆಯಬೇಕು.’ ಈ ಮಾತನ್ನಾಡುವವರೆಲ್ಲ ಕೆಟ್ಟ ಮನಸ್ಸಿನವರಲ್ಲ. ಭಾಷೆ, ಉಡುಪು, ಹಬ್ಬಗಳಲ್ಲಿ ಒಂದಿಷ್ಟು ಹೋಲಿಕೆ ಇದ್ದರೆ ಪರಸ್ಪರ ವಿಶ್ವಾಸ ಬೆಳೆಯುತ್ತದೆ, ಬೆರೆತವರನ್ನು ಯಾರೂ ಹೊರಗಿನವರೆಂದು ಕಾಣುವುದಿಲ್ಲ ಎಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದಾರೆ. ಈ ನಂಬಿಕೆ ಎಷ್ಟು ನಿಜ ಎಂದು ಪರೀಕ್ಷಿಸಲು ನಾನು ದೂರ ಹೋಗಬೇಕಿಲ್ಲ. ನಾನು ಹುಟ್ಟಿ ಬೆಳೆದ ಉತ್ತರ ಕನ್ನಡ ಜಿಲ್ಲೆಯೇ ಸಾಕು.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನರಿದ್ದಾರೆ. ಪೋರ್ಚುಗೀಸರೂ ಅರಬ್ ವ್ಯಾಪಾರಿಗಳೂ ಇವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದಿದ್ದರು. ಗೋವೆಯ ಒಡೆಯರ ಕೈಯಿಂದ ತಪ್ಪಿಸಿಕೊಂಡ ಅನೇಕರು ಘಟ್ಟ ಹತ್ತಿ ಈ ಕಾಡು ಸೇರಿದರು. ಅಂದಿನಿಂದ ಇಂದಿನವರೆಗೆ ಅವರು ಬೆರೆತಷ್ಟು ಈ ನಾಡಿನಲ್ಲಿ ಇನ್ನಾರೂ ಬೆರೆತಿರಲಾರರು. ಯಲ್ಲಾಪುರದ ಕಡೆ ಹೆಚ್ಚಿನವರು ಹಿಂದೂಗಳು. ಹಳಿಯಾಳದ ಕಡೆ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಮನೆಯಲ್ಲಿ ಆಡುವುದು ಮರಾಠಿ, ಕನ್ನಡದ ಪದಗಳು ಸೇರಿದ ಒಂದು ಬಗೆಯ ಕೊಂಕಣಿ, ಹೊರಗೆ ಕನ್ನಡ. ಆಫ್ರಿಕಾದ ಯಾವ ಭಾಷೆಯೂ ಅವರ ಮನೆಗಳಲ್ಲಿ ಮಾತಾಗಿ ಉಳಿದಿಲ್ಲ. ಹಿರಿಯರ ಪೂಜೆ, ಡಮಾಮಿ ಕುಣಿತ, ಕೂದಲು, ಮೈಬಣ್ಣ ಇಷ್ಟನ್ನು ಬಿಟ್ಟರೆ, ಬೆರೆಯಲು ಕೊಡಬೇಕಾದ ಬೆಲೆಯನ್ನೆಲ್ಲ ಅವರು ತೆತ್ತಾಗಿದೆ.

ನಮ್ಮ ಅಡಿಕೆ ತೋಟಕ್ಕೆ ಎರಡು ತಲೆಮಾರಿನಿಂದ ಕೆಲಸಕ್ಕೆ ಬರುವ ಸಿದ್ದಿ ಮನೆಯವನೊಬ್ಬ ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಅವನ ಬಾಯಲ್ಲಿ ಹವ್ಯಕ ಬ್ರಾಹ್ಮಣರಾದ ನಮ್ಮ ಮನೆಮಾತು ಹವಿಗನ್ನಡವನ್ನು ಕೇಳಬೇಕು. ಬೆಂಗಳೂರಿನಲ್ಲಿ ಬೆಳೆದ ನನ್ನ ಅಣ್ಣನ ಮಕ್ಕಳಿಗೆ ಅದರ ಅರ್ಧವೂ ಬರುವುದಿಲ್ಲ. ಒಮ್ಮೆ ಅವನ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ನಾವಿಬ್ಬರೂ ಹುಬ್ಬಳ್ಳಿಗೆ ಹೋಗಿದ್ದೆವು. ಆಸ್ಪತ್ರೆಯಲ್ಲಿ ಚೀಟಿ ಬರೆಯುತ್ತಿದ್ದ ವ್ಯಕ್ತಿ ತಲೆಯೆತ್ತಿ ಅವನನ್ನು ನೋಡಿ ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳಿದ. ಇವನು ಕನ್ನಡದಲ್ಲಿ ‘ಯಲ್ಲಾಪುರ’ ಎಂದ. ‘ಅದಲ್ಲ, ಮೂಲ ಎಲ್ಲಿಯದು?’ ಎಂದು ಆತ ಈ ಬಾರಿ ಕನ್ನಡದಲ್ಲೇ ಕೇಳಿದ. ‘ಮೂಲವೂ ಯಲ್ಲಾಪುರವೇ’ ಎಂದು ಇವನು ಹೇಳುವಷ್ಟರಲ್ಲಿ ಸಾಲಿನಲ್ಲಿದ್ದ ನಾಲ್ಕು ಜನ ತಿರುಗಿ ನೋಡಿ ನಕ್ಕರು. ಅದು ದುರುದ್ದೇಶದ ನಗೆಯಾಗಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು, ಏಕೆಂದರೆ ದುರುದ್ದೇಶವಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಪಕ್ಕದಲ್ಲೇ ನಿಂತಿದ್ದ ನನ್ನ ಮೂಲವನ್ನು ಯಾರೂ ಕೇಳಲಿಲ್ಲ. ನಮ್ಮ ಹಿರಿಯರು ಉತ್ತರ ಭಾರತದ ಅಹಿಚ್ಛತ್ರದಿಂದ ಬಂದವರು ಎಂಬ ಐತಿಹ್ಯವನ್ನು ನಮ್ಮವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ; ನಮ್ಮ ವಲಸೆ ಕೀರ್ತಿಯಾಯಿತು, ಅವರದು ಪ್ರಶ್ನೆಯಾಗಿ ಉಳಿಯಿತು.

ಆಸ್ಪತ್ರೆಯ ಆ ವ್ಯಕ್ತಿಯನ್ನು ದೂರುವ ಮೊದಲು ನಮ್ಮ ಮನೆಯ ವಿಷಯವನ್ನೂ ಹೇಳಬೇಕು. ನನ್ನ ಅಜ್ಜನ ಕಾಲದಲ್ಲಿ ಸಿದ್ದಿ ಆಳುಗಳಿಗೆ ಊಟ ಅಂಗಳದಲ್ಲಿ, ಚಹಾ ಗೋಡೆಯ ಮೇಲಿಟ್ಟ ಬೇರೆ ಲೋಟದಲ್ಲಿ. ಲೋಟವನ್ನು ತೊಳೆದು ಕವುಚಿಡುವುದೂ ಅವರದೇ ಕೆಲಸ. ನಮ್ಮ ಭಾಷೆ ಕಲಿತಿದ್ದರು, ನಮ್ಮ ದೇವರಿಗೆ ಕೈಮುಗಿಯುತ್ತಿದ್ದರು, ನಮ್ಮ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸುತ್ತಿದ್ದರು. ಜಗಲಿ ಮಾತ್ರ ಹತ್ತುವಂತಿರಲಿಲ್ಲ. ಬೆರೆಯಿರಿ ಎಂದು ಹೇಳುವವರು, ಎಲ್ಲಿಯವರೆಗೆ ಎಂಬುದನ್ನು ಹೇಳುವುದಿಲ್ಲ.

ದೇಶಕ್ಕೂ ಇವರ ನೆನಪಾಗಿದ್ದುಂಟು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಯೋಜನೆಯೊಂದರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಡಲಾಯಿತು. ಆಫ್ರಿಕಾದ ಮೈಕಟ್ಟು ದೇಶಕ್ಕೆ ಪದಕ ತರಬಹುದೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು ಕೂಡ. ಆದರೆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತಿತು, ಮಕ್ಕಳು ಊರಿಗೆ ಮರಳಿದರು. ಯಾವ ಮೂಲದ ಕಾರಣಕ್ಕೆ ಊರ ಜನ ಅವರನ್ನು ಪರದೇಶಿಗಳೆಂದರೋ ಅದೇ ಮೂಲ ದೇಶಕ್ಕೆ ಬೇಕಾದಾಗ ಆಸ್ತಿಯಾಯಿತು. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರ ಹೆಸರು ಸೇರಿದ್ದು 2003ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ನಮ್ಮ ಕಡೆ ನಿಜಕ್ಕೂ ಸಂತೋಷಪಟ್ಟವರು ಅನೇಕರಿದ್ದರು, ನಾನೂ ಅವರಲ್ಲೊಬ್ಬ.

ಇನ್ನು ಅದೇ ಜಿಲ್ಲೆಯ ಮುಂಡಗೋಡಕ್ಕೆ ಬನ್ನಿ. 1966ರಲ್ಲಿ ಅಲ್ಲಿ ಟಿಬೆಟಿಯನ್ ನಿರಾಶ್ರಿತರಿಗೆ ನೆಲೆ ಸಿಕ್ಕಿತು. ನಾವು ಇವತ್ತಿಗೂ ಅದನ್ನು ‘ಕ್ಯಾಂಪ್’ ಎಂದೇ ಕರೆಯುತ್ತೇವೆ. ಟಿಬೆಟ್ಟಿನ ಗಾಂಡೆನ್ ಮತ್ತು ಡ್ರೆಪುಂಗ್ ಮಹಾವಿಹಾರಗಳನ್ನು ಅವರು ಅಲ್ಲಿ ಮರಳಿ ಕಟ್ಟಿಕೊಂಡರು. ಅವರ ಭಾಷೆ, ಲಿಪಿ, ಶಾಲೆ, ಉಡುಪು, ಹೊಸ ವರ್ಷ ಎಲ್ಲವೂ ಅವರದೇ. ಅಂಗಡಿಯಲ್ಲಿ ವ್ಯಾಪಾರಕ್ಕೆ ಬೇಕಾಗುವಷ್ಟು ಕನ್ನಡ, ಹಿಂದಿ ಅವರಿಗೆ ಬರುತ್ತದೆ. ಬೆರೆಯುವಿಕೆಯ ಪರೀಕ್ಷೆಯಿಟ್ಟರೆ ಅವರು ಖಂಡಿತ ನಪಾಸಾಗುತ್ತಾರೆ, ಏಕೆಂದರೆ ಬೆರೆತು ಕರಗಿಹೋಗಬಾರದು ಎಂಬುದೇ ಅವರ ಉದ್ದೇಶ. ಹಾಗಿದ್ದೂ ಅವರ ವಿಹಾರಗಳನ್ನು ನೋಡಲು ನಾವು ಮಕ್ಕಳು ಮರಿ ಕಟ್ಟಿಕೊಂಡು ಹೋಗುತ್ತೇವೆ, ಫೋಟೊ ತೆಗೆದುಕೊಳ್ಳುತ್ತೇವೆ, ಅವರಿಂದ ದೇಶದ ಏಕತೆಗೆ ಧಕ್ಕೆಯಾಯಿತು ಎಂದು ಯಾರೂ ಭಾಷಣ ಮಾಡುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅವರಲ್ಲಿ ಹೆಚ್ಚಿನವರು ವಿದೇಶಿಯರು. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು, ಟಿಬೆಟಿಯನ್ನರೂ ಇದಕ್ಕೆ ಹೊರತಲ್ಲ ಎಂಬುದನ್ನು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದವು. ಆದರೂ ಪೌರತ್ವ ಪಡೆದರೆ ತಾಯ್ನೆಲದ ಹಕ್ಕನ್ನು ಬಿಟ್ಟುಕೊಟ್ಟಂತಾಗುತ್ತದೆ ಎಂದು ಹಿಂಜರಿಯುವವರು ಅವರಲ್ಲಿದ್ದಾರೆ.

ಹಾಗಾದರೆ ಅವರಿಗೆ ಈ ದೇಶದ ಮೇಲೆ ನಿಷ್ಠೆಯಿಲ್ಲವೇ? 1962ರ ಚೀನಾ ಯುದ್ಧದ ಹೊತ್ತಿನಲ್ಲಿ ರೂಪುಗೊಂಡ ವಿಶೇಷ ಗಡಿ ಪಡೆಯಲ್ಲಿ ಟಿಬೆಟಿಯನ್ ಸೈನಿಕರು ಸೇವೆ ಸಲ್ಲಿಸುತ್ತ ಬಂದಿದ್ದಾರೆ. 1971ರಲ್ಲಿ ಚಿತ್ತಗಾಂಗ್ ಬೆಟ್ಟಗಳಲ್ಲಿ ಭಾರತದ ಪರವಾಗಿ ಹೋರಾಡಿದ್ದಾರೆ. 2020ರ ಆಗಸ್ಟ್ ಕೊನೆಯಲ್ಲಿ ಲಡಾಖಿನಲ್ಲಿ ನೆಲಬಾಂಬ್ ಸ್ಫೋಟಕ್ಕೆ ಬಲಿಯಾದ ಅಂಥ ಒಬ್ಬ ಯೋಧನ ಶವಪೆಟ್ಟಿಗೆಗೆ ಎರಡು ಧ್ವಜಗಳನ್ನು ಹೊದಿಸಲಾಗಿತ್ತು: ಒಂದು ಭಾರತದ್ದು, ಇನ್ನೊಂದು ಟಿಬೆಟ್ಟಿನದು. ಒಬ್ಬ ಮನುಷ್ಯನಿಗೆ ಒಂದೇ ಗುರುತು ಇರಬೇಕು ಎಂದು ವಾದಿಸುವವರು ಆ ಪೆಟ್ಟಿಗೆಯಿಂದ ಯಾವ ಧ್ವಜವನ್ನು ತೆಗೆಯಬೇಕೆಂದು ಹೇಳುತ್ತಾರೋ ತಿಳಿಯದು.

ಬೆರೆತವರನ್ನು ಹೊರಗಿನವರೆನ್ನುತ್ತೇವೆ, ಬೆರೆಯದವರೊಡನೆ ಸುಖವಾಗಿದ್ದೇವೆ. ಆದ್ದರಿಂದ ನಾವು ಇಟ್ಟಿರುವ ಪರೀಕ್ಷೆ ನಿಜವಾಗಿ ಸಂಸ್ಕೃತಿಯದಲ್ಲ, ಮುಖಲಕ್ಷಣದ್ದು, ಕೆಲವೊಮ್ಮೆ ಹೆಸರಿನದು, ಬಹಳ ಸಲ ಜಾತಿಯದು. ಸಂವಿಧಾನ ಈ ಪರೀಕ್ಷೆಯನ್ನು ಇಟ್ಟೇ ಇಲ್ಲ. ವಿಶಿಷ್ಟ ಭಾಷೆ, ಲಿಪಿ, ಸಂಸ್ಕೃತಿ ಇರುವ ಯಾವುದೇ ನಾಗರಿಕ ಸಮುದಾಯಕ್ಕೆ ಅದನ್ನು ಕಾಪಾಡಿಕೊಳ್ಳುವ ಹಕ್ಕಿದೆ ಎಂದು 29ನೇ ವಿಧಿ ಹೇಳುತ್ತದೆ. ಕಾಪಾಡಿಕೊಂಡರೆ ದೇಶಭಕ್ತಿ ಕಡಿಮೆಯಾಗುತ್ತದೆಂದು ಎಲ್ಲಿಯೂ ಹೇಳುವುದಿಲ್ಲ.

ಕರ್ನಾಟಕಕ್ಕೆ ಬಂದವರು ಕನ್ನಡ ಕಲಿಯಬೇಕು ಎಂದು ನೀವೇ ಬರೆದಿದ್ದಿರಲ್ಲ ಎಂದು ಕೆಲವರು ನೆನಪಿಸಬಹುದು. ಬರೆದಿದ್ದೆ, ಈಗಲೂ ಹೇಳುತ್ತೇನೆ. ನೆರೆಯವರ ಭಾಷೆ ಕಲಿಯುವುದು ಬೇರೆ, ತನ್ನದನ್ನು ಬಿಡುವುದು ಬೇರೆ. ಮುಂಬಯಿಯಲ್ಲಿ ತಲೆಮಾರುಗಳಿಂದ ಕನ್ನಡ ಸಂಘ ಕಟ್ಟಿ, ಯಕ್ಷಗಾನ ಆಡಿಸಿ, ಮಕ್ಕಳಿಗೆ ಮರಾಠಿಯನ್ನೂ ಕಲಿಸಿದ ನಮ್ಮವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಮೊನ್ನೆ ನಮ್ಮ ತೋಟಕ್ಕೆ ಬರುವ ಅವನ ಮನೆಗೆ ಹೋಗಿದ್ದಾಗ ಅವನ ತಾಯಿ ಜಗಲಿಯಲ್ಲಿ ಕುಳಿತು ಕೌದಿ ಹೊಲಿಯುತ್ತಿದ್ದರು. ಕಣ್ಣು ಈಗ ಚೆನ್ನಾಗಿ ಕಾಣುತ್ತದಂತೆ. ಬಣ್ಣಬಣ್ಣದ ತುಂಡುಗಳ ಆ ಕೌದಿಯನ್ನು ವೈವಿಧ್ಯಕ್ಕೆ ರೂಪಕ ಮಾಡುವ ಆಸೆ ನನಗಿಲ್ಲ. ಹಳೆಯ ಸೀರೆ ಇದೆ, ಮಾಗಿಯ ಚಳಿ ಇದೆ, ಅದಕ್ಕೇ ಹೊಲಿಯುತ್ತಾರೆ. ಮರುದಿನ ಮತ್ತೆ ಹುಬ್ಬಳ್ಳಿಗೆ ತಪಾಸಣೆಗೆ ಹೋಗುವುದಿತ್ತು. ಅವನು ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ‘ತಾಯಿಯದು ಸಾಕಲ್ಲವೇನೋ, ನಿನ್ನದೇಕೆ?’ ಎಂದೆ. ‘ಇರಲಿ ಹೆಗಡೇರೆ, ಪೇಟೆಗೆ ಹೋಪಾಗ ಬೇಕಾವ್ತು’ ಎಂದ. ನನ್ನದು ಮನೆಯಲ್ಲಿ ಯಾವ ಕಪಾಟಿನಲ್ಲಿದೆ ಎಂದು ನೆನಪಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.