ಜಿಲ್ಲಾ ಪುಟಕ್ಕೊಬ್ಬ ಟಿ.ವಿ. ವಿಮರ್ಶಕ ಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಓದುವ ಪತ್ರಿಕೆಗಳಲ್ಲಿ ನಾಟಕದ ವಿಮರ್ಶೆ ಬರುತ್ತದೆ, ಪುಸ್ತಕದ್ದು ಬರುತ್ತದೆ, ಶುಕ್ರವಾರ ತೆರೆಕಂಡ ಸಿನಿಮಾಕ್ಕೆ ಶನಿವಾರವೇ ಸ್ಟಾರ್ ಬೀಳುತ್ತವೆ. ದಿನಾ ಸಂಜೆಯಿಂದ ರಾತ್ರಿ ಹತ್ತೂವರೆವರೆಗೆ ಮನೆಮನೆಯಲ್ಲಿ ಓಡುವ ಟಿ.ವಿ.ಗೆ ಮಾತ್ರ ವಿಮರ್ಶಕ ಸಿಗುವುದಿಲ್ಲ. ಸಿಗುವುದು ಚಾನೆಲ್‌ನವರು ಮೇಲ್ ಮಾಡಿದ ಪ್ರೆಸ್ ನೋಟ್, ಜೊತೆಗೆ ಎರಡು-ಮೂರು ಫೋಟೊ. "ಇಂದಿನಿಂದ ಹೊಸ ಧಾರಾವಾಹಿ" ಅಂತ ತಲೆಬರಹ ಹಾಕಿ ಜಾಗ ತುಂಬಿಸುವುದನ್ನು ಟಿ.ವಿ. ಬರವಣಿಗೆ ಅನ್ನಲು ನನಗೆ ಮನಸ್ಸಿಲ್ಲ.

ನಮ್ಮ ಭಾಗಕ್ಕೆ ಪತ್ರಿಕೆ ಹೊಸದಲ್ಲ. ವಿಜಯಪುರದ 'ಕರ್ನಾಟಕ ವೈಭವ' ನಮ್ಮ ಮುತ್ತಜ್ಜರ ಕಾಲದ ಪತ್ರಿಕೆ. 'ಸಂಯುಕ್ತ ಕರ್ನಾಟಕ' ಶುರುವಾದದ್ದು ಬೆಳಗಾವಿಯಲ್ಲಿ, ಹುಬ್ಬಳ್ಳಿಗೆ ಹೋದದ್ದು ಆಮೇಲೆ. ಅದೇ ಬೆಳಗಾವಿಯಿಂದ 1919ರಿಂದ ಮರಾಠಿಯ 'ತರುಣ ಭಾರತ' ಬರುತ್ತಿದೆ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಆರಂಭವಾಯಿತು, ಉದಯ ಟಿ.ವಿ. 1994ರಲ್ಲಿ, ಈಟಿವಿ ಕನ್ನಡ 2000ದ ಡಿಸೆಂಬರ್‌ನಲ್ಲಿ. ಇಷ್ಟು ವರ್ಷದಲ್ಲಿ ಜಿಲ್ಲಾ ಡೆಸ್ಕಿನಲ್ಲಿ ಕೃಷಿಗೆ, ಕ್ರೈಮಿಗೆ, ಕ್ರೀಡೆಗೆ ಜನ ಇಟ್ಟೆವು. ಟಿ.ವಿ.ಗೆ ಇಡಲಿಲ್ಲ.

ಬೇರೆ ಕಡೆ ಇದೊಂದು ಜೀವಮಾನದ ವೃತ್ತಿ. 1921ರಲ್ಲಿ ಗುವಾಹಟಿಯಲ್ಲಿ ಹುಟ್ಟಿದ ಅಮಿತಾ ಮಲಿಕ್ ಆಕಾಶವಾಣಿಯಲ್ಲಿ ದುಡಿದು, ಆಮೇಲೆ ಪತ್ರಿಕೆಗಳಲ್ಲಿ ದಶಕಗಟ್ಟಲೆ ರೇಡಿಯೊ, ಸಿನಿಮಾ, ಟಿ.ವಿ. ಬಗ್ಗೆ ಬರೆದರು. ವಾರ್ತೆ ಓದುವವರು ಹೆಸರು ತಪ್ಪಾಗಿ ಉಚ್ಚರಿಸಿದರೂ ಅವರು ಬಿಡುತ್ತಿರಲಿಲ್ಲ. ಲಂಡನ್ನಿನ 'ಅಬ್ಸರ್ವರ್' ಪತ್ರಿಕೆಯಲ್ಲಿ ಕ್ಲೈವ್ ಜೇಮ್ಸ್ 1972ರಿಂದ 1982ರವರೆಗೆ ಟಿ.ವಿ. ಅಂಕಣ ಬರೆದರು. ಇಬ್ಬರೂ ನಾಟಕ, ಸುದ್ದಿ, ಆಟ ಅಂತ ಭೇದ ಮಾಡದೆ, ಪರದೆಯ ಮೇಲೆ ಬಂದದ್ದನ್ನೆಲ್ಲ ಗಂಭೀರವಾಗಿ ನೋಡಿದವರು.

ನಮ್ಮಲ್ಲಿ ಈ ಕೆಲಸಕ್ಕೆ ಜಿಲ್ಲೆಯ ವರದಿಗಾರನೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ. ಯಾಕೆ ಅಂತ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ.

ಆಗಸ್ಟ್ ತಿಂಗಳು, ಕೃಷ್ಣೆಗೆ ಮಹಾಪೂರ. ಟಿ.ವಿ. ಪರದೆಯ ಕೆಳಗೆ "ಆಲಮಟ್ಟಿಯಿಂದ ಎರಡು ಲಕ್ಷ ಟಿಎಂಸಿ ನೀರು" ಅಂತ ಓಡಿತು ಅನ್ನಿ. ಆಲಮಟ್ಟಿ ತುಂಬಿ ನಿಂತಾಗ, ಅಂದರೆ 519.60 ಮೀಟರ್ ಮಟ್ಟದಲ್ಲಿ, ಅಲ್ಲಿರುವುದೇ ಸುಮಾರು 123 ಟಿಎಂಸಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ನಿಂತ ನೀರಿನ ಅಳತೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಹರಿಯುವ ನೀರಿನ ಅಳತೆ. ಒಂದು ಲಕ್ಷ ಕ್ಯೂಸೆಕ್ ಇಡೀ 24 ಗಂಟೆ ಹರಿದರೆ 8.64 ಟಿಎಂಸಿ ಆಗುತ್ತದೆ. ಕ್ಯೂಸೆಕ್ ಅನ್ನಬೇಕಾದಲ್ಲಿ ಟಿಎಂಸಿ ಅಂದದ್ದು ದೂರದ ಡೆಸ್ಕಿನಲ್ಲಿ ಕೂತವನಿಗೆ ಬರೀ ಅಕ್ಷರದ ತಪ್ಪು. ಚಿಕ್ಕೋಡಿ, ಜಮಖಂಡಿಯ ನದಿದಂಡೆಯವರು ದನಕರು ಯಾವಾಗ ಹೊಡೆದುಕೊಂಡು ಹೋಗಬೇಕು ಅಂತ ತೀರ್ಮಾನಿಸುವುದು ಆ ಅಂಕಿ ನೋಡಿಯೇ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನ ನೀರಿಗೆ ದೂಧಗಂಗೆ ಕೂಡಿ ಕಲ್ಲೋಳಕ್ಕೆ ಬರುತ್ತದೆ, ಅಲ್ಲಿಂದ ಹಿಪ್ಪರಗಿ, ಆಮೇಲೆ ಆಲಮಟ್ಟಿ. ಈ ಸಾಲು ಬಾಯಿಪಾಠ ಇದ್ದವನಿಗೆ ಯಾವ ಚಾನೆಲ್ ಎಲ್ಲಿ ಎಡವಿತು ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. 2019ರ ಪ್ರವಾಹದ ಹಳೆಯ ದೃಶ್ಯವನ್ನು 'ಫೈಲ್' ಅಂತ ನಮೂದಿಸದೆ ಇವತ್ತಿನದೆಂದು ತೋರಿಸಿದರೆ, ಆ ಸೇತುವೆ ನೋಡಿ ಗೊತ್ತಿದ್ದವನೇ ಅದನ್ನು ಹಿಡಿಯಬೇಕು.

ಸುದ್ದಿ ಚಾನೆಲ್ ವಿಮರ್ಶಿಸಲು ಒಂದು ನೋಟ್‌ಬುಕ್ಕು, ಒಂದು ಗಡಿಯಾರ ಸಾಕು. ಒಂದೇ ಚಾನೆಲ್‌ನ ರಾತ್ರಿಯ ಬುಲೆಟಿನ್ ಆರು ದಿನ ಬಿಡದೆ ನೋಡಬೇಕು. ಪುಟಕ್ಕೆ ನಾಲ್ಕು ಕಾಲಂ: ಶುರುವಾದ ಹೊತ್ತು, ವಿಷಯ, ದೃಶ್ಯ ಎಲ್ಲಿಯದು (ಸ್ವಂತ ಕ್ಯಾಮೆರಾವೋ, ಫೈಲೋ, ಯಾರದೋ ಮೊಬೈಲ್ ಕ್ಲಿಪ್ಪೋ), ಮಾತಾಡಿದವರು ಯಾರು. ನಾಲ್ಕನೆಯದೇ ಬಹಳ ಹೇಳುತ್ತದೆ. ಕಬ್ಬಿನ ಬಿಲ್ ಬಾಕಿಯ ಸುದ್ದಿಯಲ್ಲಿ ಮಂತ್ರಿಯ ಬೈಟ್ (ಕ್ಯಾಮೆರಾ ಮುಂದೆ ಆಡಿದ ಮಾತಿನ ತುಣುಕು) ಇದ್ದು, ಬೆಳೆಗಾರನ ಬೈಟ್ ಇಲ್ಲದಿದ್ದರೆ ಅದು ಆ ಕಾಲಂನಲ್ಲಿ ಬಟಾಬಯಲಾಗುತ್ತದೆ. ಚಳಿಗಾಲದ ಅಧಿವೇಶನ ಈ ಲೆಕ್ಕಕ್ಕೆ ಹೇಳಿ ಮಾಡಿಸಿದ ಹೊತ್ತು. ಬೆಳಗಾವಿಯ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾಯಿತು, ಉತ್ತರ ಕರ್ನಾಟಕದ ಸಮಸ್ಯೆ ಇಲ್ಲಿ ಚರ್ಚೆಯಾಗಲಿ ಅಂತ. ಒಳಗೆ ನೀರಾವರಿ ಬಗ್ಗೆ ನಡೆದ ಚರ್ಚೆ ಎಷ್ಟು ನಿಮಿಷ ಪ್ರಸಾರವಾಯಿತು, ಹೊರಗೆ ಕಾರಿನ ಬಾಗಿಲಲ್ಲಿ ಹಿಡಿದ ಬೈಟ್ ಎಷ್ಟು ನಿಮಿಷ, ಅಲ್ಲೇ ಹತ್ತಿರದ ಕೊಂಡಸಕೊಪ್ಪದ ಪ್ರತಿಭಟನೆಯ ಟೆಂಟುಗಳಿಗೆ ಎಷ್ಟು? ಬರೆದಿಟ್ಟು ಅಚ್ಚು ಹಾಕಿದರೆ ಸಾಕು, ವಿಶೇಷಣ ಬೇಕಾಗುವುದಿಲ್ಲ.

ಧಾರಾವಾಹಿಯದು ಬೇರೆ ಬಗೆ. ಇಲ್ಲಿ ಸಾಮಾನ್ಯ ತಪ್ಪು ಎಂದರೆ ಮೊದಲ ವಾರ ನೋಡಿ ತೀರ್ಪು ಕೊಡುವುದು. ಮೊದಲ ವಾರದಲ್ಲಿ ಹೊರಾಂಗಣ, ಡ್ರೋನ್, ಜಾತ್ರೆಯ ದೃಶ್ಯ ಎಲ್ಲ ಇರುತ್ತವೆ. ತಿಂಗಳೆರಡು ಕಳೆಯುವುದರೊಳಗೆ ಕತೆ ಒಂದು ಮನೆಯ ಹಾಲಿಗೂ ಅಡುಗೆಮನೆಗೂ ಇಳಿದಿರುತ್ತದೆ. ಹಾಗಾಗಿ ನಲವತ್ತನೇ ಕಂತಿನ ಆಸುಪಾಸಿನಲ್ಲಿ ಸೋಮವಾರದಿಂದ ಶುಕ್ರವಾರ ಪೂರ್ತಿ ನೋಡಿ ಬರೆಯಬೇಕು. ಕೇಬಲ್ ಟಿ.ವಿ. ನಿಯಮದ ಪ್ರಕಾರ ಗಂಟೆಗೆ ಹೆಚ್ಚೆಂದರೆ 12 ನಿಮಿಷ ಜಾಹೀರಾತು: 10 ವಾಣಿಜ್ಯದ್ದು, 2 ಚಾನೆಲ್‌ನ ಸ್ವಂತ ಪ್ರಚಾರ. ಅರ್ಧ ಗಂಟೆಯಲ್ಲಿ ಇದನ್ನು ಕಳೆದು, 'ಹಿಂದಿನ ಸಂಚಿಕೆಯಲ್ಲಿ' ಮತ್ತು ಟೈಟಲ್ ಕಳೆದರೆ ಕತೆಗೆ ಉಳಿಯುವುದು ಸುಮಾರು 22 ನಿಮಿಷ. ಅದರಲ್ಲಿ ಒಂದು ಮಾತಿಗೆ ಎಂಟು ಮುಖ ತೋರಿಸುತ್ತ ಹೋದದ್ದು ಎಷ್ಟು, ಕತೆ ನಡೆದದ್ದು ಎಷ್ಟು ಅಂತ ಗುರುತು ಹಾಕಿ. ಐದು ನಿಮಿಷ ದನಿ ಆರಿಸಿ ನೋಡಿ, ನಟನೆ ಗೊತ್ತಾಗುತ್ತದೆ. ಐದು ನಿಮಿಷ ಕಣ್ಣು ಮುಚ್ಚಿ ಕೇಳಿ, ಸಂಭಾಷಣೆಗೆ ಕಸುವು ಇದೆಯೋ ಹಿನ್ನೆಲೆ ಸಂಗೀತವೇ ಹೊತ್ತುಕೊಂಡು ಹೋಗುತ್ತಿದೆಯೋ ಗೊತ್ತಾಗುತ್ತದೆ. ಕತೆಯ ಸಾರಾಂಶ ಬರೆಯಬೇಡಿ, ಓದುವವರು ನಿಮಗಿಂತ ಮುಂಚೆ ನೋಡಿರುತ್ತಾರೆ.

ನಮ್ಮ ಕಡೆಯ ಮಾತನ್ನು ಧಾರಾವಾಹಿಗಳು ನಡೆಸಿಕೊಳ್ಳುವ ರೀತಿ ನನಗೆ ನಿಜಕ್ಕೂ ನೋವಿನ ವಿಷಯ. "ಐತಿ", "ಯಪ್ಪಾ", "ಲೇ" ಮೂರನ್ನೂ ಸಿಕ್ಕಲ್ಲಿ ಉದುರಿಸಿದರೆ ಉತ್ತರ ಕರ್ನಾಟಕ ಆಯಿತು ಅಂದುಕೊಂಡವರಿದ್ದಾರೆ. ಇಲ್ಲಿ ಯಾವ ಹುಡುಗನೂ ಕಾಕಾನಿಗೆ "ಊಟಾ ಆತೇನ್ಲೇ" ಅನ್ನುವುದಿಲ್ಲ, "ಕಾಕಾ, ಊಟಾ ಆತೇನ್ರಿ" ಅನ್ನುತ್ತಾನೆ. ಅಣ್ಣನ ಹೆಂಡತಿ ವೈನಿ. ಬಾಯಲ್ಲಿ ಬರುವ ಆ 'ರಿ'ಯಲ್ಲೇ ವಯಸ್ಸು, ಸಲಿಗೆ, ಸಿಟ್ಟು ಎಲ್ಲ ಇರುತ್ತದೆ, ಅದನ್ನು ತಪ್ಪಿ ಇಟ್ಟರೆ ಪಾತ್ರವೇ ಕೆಡುತ್ತದೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಈ ಮಾತು ಯಾರ ಬಾಯಲ್ಲಿದೆ ಅನ್ನುವುದು. ನಗಿಸುವವನು, ರೌಡಿ, ಮನೆಗೆಲಸದವಳು ಮಾತ್ರ ಹೀಗೆ ಮಾತಾಡಿ, ಡಾಕ್ಟರು, ಕಲೆಕ್ಟರು, ನಾಯಕಿ ಎಲ್ಲ ಬೆಂಗಳೂರು ಕನ್ನಡ ಆಡಿದರೆ ವಿಮರ್ಶಕ ಅದನ್ನು ಪಾತ್ರದ ಹೆಸರು, ಕಂತಿನ ದಿನಾಂಕ ಸಮೇತ ಬರೆಯಬೇಕು. ವಿಜಯಪುರದ ಮಾತು ಬೇರೆ, ಖಾನಾಪುರದ್ದು ಬೇರೆ ಅನ್ನುವುದನ್ನೂ ಹೇಳಬೇಕು.

ಟಿಆರ್‌ಪಿ ಬಗ್ಗೆ ಒಂದು ಎಚ್ಚರಿಕೆ. ಯಾವ ಕಾರ್ಯಕ್ರಮವನ್ನು ಎಷ್ಟು ಮಂದಿ ನೋಡಿದರು ಅನ್ನುವ ಈ ಲೆಕ್ಕವನ್ನು ಬಾರ್ಕ್ ಸಂಸ್ಥೆ 2015ರಿಂದ ಕೊಡುತ್ತಿದೆ. ಆಯ್ದ ಮನೆಗಳಲ್ಲಿ ಮೀಟರ್ ಇರುತ್ತದೆ, ಕಾರ್ಯಕ್ರಮದ ಧ್ವನಿಯಲ್ಲಿ ಅಡಗಿಸಿದ ಗುರುತನ್ನು ಅದು ಹಿಡಿಯುತ್ತದೆ. ಪ್ರತಿ ವಾರ ಹೊರಬರುವ ಸಾರ್ವಜನಿಕ ಪಟ್ಟಿಯಲ್ಲಿ ಕರ್ನಾಟಕದ ನಗರ, ಗ್ರಾಮ ಎಲ್ಲ ಕೂಡಿ ಒಂದೇ ಮಾರುಕಟ್ಟೆ. ಅದನ್ನು ಹಿಡಿದು "ಬಾಗಲಕೋಟೆಯ ಮಂದಿ ಇದನ್ನೇ ನೋಡುತ್ತಾರೆ" ಅಂತ ಬರೆಯಲು ಆಧಾರವೇ ಇಲ್ಲ. ಸುದ್ದಿ ಚಾನೆಲ್‌ಗಳ ರೇಟಿಂಗ್ ಹಗರಣವಾಗಿ 2020ರ ಅಕ್ಟೋಬರ್‌ನಲ್ಲಿ ನಿಂತು, ಮತ್ತೆ ಬಂದದ್ದು 2022ರ ಮಾರ್ಚ್‌ನಲ್ಲಿ, ಅದೂ ನಾಲ್ಕು ವಾರದ ಸರಾಸರಿಯಾಗಿ. ಟಿಆರ್‌ಪಿ ಜಾಹೀರಾತು ದರಕ್ಕೆ ಬೇಕು, ವಿಮರ್ಶೆಗೆ ಅದು ಅಳತೆಗೋಲಲ್ಲ.

ಇನ್ನು ಪತ್ರಿಕೆಯ ಕಡೆಯ ಅಡಚಣೆ. ಜಿಲ್ಲಾ ಪುಟ ಬೇಗ ಮುಗಿಯುತ್ತದೆ, ರಾತ್ರಿಯ ರಿಯಾಲಿಟಿ ಶೋ ಫಿನಾಲೆ ಮರುದಿನದ ಪುಟಕ್ಕೆ ಸಿಗುವುದಿಲ್ಲ. ಆದ್ದರಿಂದ ದಿನದ ಅವಸರ ಬೇಡ, ವಾರಕ್ಕೊಂದು ಅಂಕಣ, ನಾನೂರು-ನಾನೂರೈವತ್ತು ಪದ. ಸುದ್ದಿಗಿಷ್ಟು ಅಂತ ದುಡ್ಡು ಪಡೆಯುವ ಅರೆಕಾಲಿಕ ವರದಿಗಾರನಿಂದ ಇದನ್ನು ಬರೆಸುವುದಾದರೆ, ನೋಡಿದ ಗಂಟೆಗಳಿಗೂ ಕೊಡಬೇಕು. ಬರೆದ ಸೆಂಟಿಮೀಟರಿಗೆ ಮಾತ್ರ ಕೊಟ್ಟರೆ ಆತ ಪ್ರೆಸ್ ನೋಟಿಗೇ ವಾಪಸ್ ಹೋಗುತ್ತಾನೆ. ಚಾನೆಲ್‌ನವರ ಖರ್ಚಿನಲ್ಲಿ ಶೂಟಿಂಗ್ ನೋಡಲು ಹೋಗುವುದು ಬೇಡ. ಗಡಿಭಾಗದಲ್ಲಿ ಮರಾಠಿ ಚಾನೆಲ್ ನೋಡುವ ಮನೆಗಳಿವೆ, ಬೆಳಗಾವಿಯ ಸುದ್ದಿ ಅಲ್ಲಿ ಹೇಗೆ ಬಂತು ಅನ್ನುವುದನ್ನೂ ಅದೇ ಅಂಕಣ ನೋಡಲಿ.

ಅಂಕಣದ ಕೆಳಗೆ ದೂರು ಕೊಡುವ ದಾರಿಯೂ ಇರಲಿ. ಕೇಬಲ್ ಟಿ.ವಿ. ನಿಯಮಕ್ಕೆ 2021ರಲ್ಲಿ ಆದ ತಿದ್ದುಪಡಿಯಂತೆ ದೂರು ಮೊದಲು ಚಾನೆಲ್‌ಗೇ ಹೋಗಬೇಕು. ಅವರು 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ಉತ್ತರ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಇನ್ನು 15 ದಿನದೊಳಗೆ ಚಾನೆಲ್‌ಗಳೇ ಸೇರಿ ಮಾಡಿಕೊಂಡ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಕಾರ್ಯಕ್ರಮದ ಹೆಸರು, ದಿನಾಂಕ, ಪ್ರಸಾರದ ಹೊತ್ತು ಇಲ್ಲದ ದೂರು ನಿಲ್ಲುವುದು ಕಷ್ಟ. ಪತ್ರಿಕೆಯ ಮಾಲೀಕರದೇ ಚಾನೆಲ್ ಇದ್ದರೆ, ಅದರ ಬಗ್ಗೆ ಬರೆದ ವಾರ ಆ ಸಂಬಂಧವನ್ನು ಒಂದು ಸಾಲಿನಲ್ಲಿ ಅಚ್ಚು ಹಾಕಬೇಕು, ಹೊಗಳಿದ್ದರೂ ಸರಿ, ತೆಗಳಿದ್ದರೂ ಸರಿ.