ಹಳೆಯ ಕಾರಿನ ಸ್ಟಿಯರಿಂಗ್ ರ‍್ಯಾಕ್: ಸತ್ಯಾಂಶ

‘ಪುನರ್ನಿರ್ಮಿತ ಸ್ಟಿಯರಿಂಗ್ ರ‍್ಯಾಕ್ ಎಂದರೆ ಬಣ್ಣ ಬಳಿದ ಗುಜರಿ, ಹೊಸದನ್ನೇ ಹಾಕಿಸಿ’ ಎಂಬ ಸಂದೇಶ ವಾಟ್ಸಾಪಿನಲ್ಲಿ ಹರಿದಾಡುತ್ತಿದೆ. ಇದು ಪೂರ್ತಿ ನಿಜವಲ್ಲ. ಸ್ಟಿಯರಿಂಗ್ ಚಕ್ರದ ತಿರುವನ್ನು ಮುಂದಿನ ಚಕ್ರಗಳಿಗೆ ತಲುಪಿಸುವ ಹಲ್ಲಿನ ದಂಡ ಮತ್ತು ಅದರ ಕವಚವೇ ಸ್ಟಿಯರಿಂಗ್ ರ‍್ಯಾಕ್.

ಎಣ್ಣೆಯ ಒತ್ತಡದಿಂದ ನೆರವಾಗುವ ಹೈಡ್ರಾಲಿಕ್ ಪವರ್ ಸ್ಟಿಯರಿಂಗ್‌ನಲ್ಲಿ ಸಾಮಾನ್ಯವಾಗಿ ಮೊದಲು ಸವೆಯುವುದು ರಬ್ಬರ್ ಸೀಲುಗಳು ಮತ್ತು ದಂಡವನ್ನು ಹಿಡಿದಿಡುವ ಬುಷ್‌ಗಳೇ ಹೊರತು ಲೋಹದ ಕವಚವಲ್ಲ. ಸರಿಯಾದ ಪುನರ್ನಿರ್ಮಾಣದಲ್ಲಿ ರ‍್ಯಾಕನ್ನು ಪೂರ್ತಿ ಬಿಚ್ಚಿ ತೊಳೆದು, ದಂಡದ ಮೇಲೆ ತುಕ್ಕಿನ ಕುಳಿಗಳಿವೆಯೇ, ಹಲ್ಲುಗಳು ಸವೆದಿವೆಯೇ ಎಂದು ಪರೀಕ್ಷಿಸಿ, ಸೀಲು ಮತ್ತು ಬುಷ್‌ಗಳನ್ನು ಹೊಸದಾಗಿ ಹಾಕಿ, ಕೊನೆಗೆ ಒತ್ತಡ ಕೊಟ್ಟು ಸೋರಿಕೆ ನೋಡಲಾಗುತ್ತದೆ. ಸೋರುವ ಒಂದು ಸೀಲನ್ನಷ್ಟೇ ಬದಲಿಸಿ ಕೊಡುವುದು ರಿಪೇರಿ. ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದಲೇ ಈ ಗೊಂದಲ ಹುಟ್ಟಿರಬೇಕು. ಗುರುತಿಲ್ಲದ ಅಗ್ಗದ ‘ಹೊಸ’ ರ‍್ಯಾಕಿಗಿಂತ, ಲಿಖಿತ ವಾರಂಟಿಯಿರುವ ಪುನರ್ನಿರ್ಮಿತ ರ‍್ಯಾಕನ್ನೇ ನಾನು ಆರಿಸುತ್ತೇನೆ.

ಆದರೆ ರ‍್ಯಾಕನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಮತ್ತು ಚಕ್ರವನ್ನು ಸಸ್ಪೆನ್ಷನ್‌ಗೆ ಹಿಡಿದಿಡುವ ಬಾಲ್ ಜಾಯಿಂಟ್‌ಗಳ ವಿಷಯದಲ್ಲಿ ಪುನರ್ನಿರ್ಮಿತ ಭಾಗ ಹಾಕಿಸಿ ಉಳಿತಾಯ ಮಾಡುವುದು ಬೇಡ. ಅವು ಕಳಚಿದರೆ ಚಕ್ರವೇ ಹಿಡಿತಕ್ಕೆ ಸಿಗುವುದಿಲ್ಲ; ರ‍್ಯಾಕಿಗೆ ಹೋಲಿಸಿದರೆ ಬೆಲೆಯೂ ಕಡಿಮೆ, ಆದ್ದರಿಂದ ಹೊಸದನ್ನೇ ಹಾಕಿಸಬೇಕು. ಎಲೆಕ್ಟ್ರಿಕ್ ಸ್ಟಿಯರಿಂಗ್ ಇರುವ ಕಾರುಗಳಲ್ಲಿ ಸ್ಟಿಯರಿಂಗ್ ತಿರುಗಿಸುವ ಬಲವನ್ನು ಅಳೆಯುವ ಟಾರ್ಕ್ ಸೆನ್ಸರ್ ಮತ್ತು ನಿಯಂತ್ರಣ ಘಟಕವೂ ಸೇರುವುದರಿಂದ, ಅವನ್ನು ಪರೀಕ್ಷಿಸುವ ಉಪಕರಣವಿಲ್ಲದ ಗ್ಯಾರೇಜಿಗೆ ಕೆಲಸ ಒಪ್ಪಿಸಬಾರದು.

ಹೈಡ್ರಾಲಿಕ್ ಸ್ಟಿಯರಿಂಗ್ ಆದರೆ, ಹೊಸ ಅಥವಾ ಪುನರ್ನಿರ್ಮಿತ ಯಾವ ರ‍್ಯಾಕ್ ಹಾಕಿಸಿದರೂ ಹಳೆಯ ಎಣ್ಣೆಯನ್ನು ಪೂರ್ತಿ ಹೊರತೆಗೆಸಿ, ಏಕೆಂದರೆ ಅದರಲ್ಲಿನ ಲೋಹದ ಪುಡಿ ಹೊಸ ಸೀಲನ್ನೂ ಕೊರೆಯುತ್ತದೆ. ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಿ.